ಮಾದರಿ ನಂಬರು

ಮಾರ್ಚ್ 3

ತೆರಿಗೆ ಇಲಾಖೆಯ ಬಂಧುವಿಗೆ,

ನಿನ್ನ ಕಾಗದ ತಲುಪಿತು. ಹನ್ನೊಂದು ವರ್ಷದ ಮೇಲೆ ತಂಗಿ ಬರೆದಳಲ್ಲ ಎಂದು ಕೈಗೆ ಮೆತ್ತಿದ್ದ ಬಣ್ಣವನ್ನು ಸೀಮೆಎಣ್ಣೆಯಲ್ಲಿ ಒರೆಸಿಕೊಂಡು, ಕನ್ನಡಕ ಹುಡುಕಿ ಹಾಕಿಕೊಂಡು ಲಕೋಟೆ ಒಡೆದೆ. ‘ಪ್ರಿಯ ವ್ಯಾಪಾರಿ ಬಂಧುವೇ’ ಎಂದಿತ್ತು. ಕೆಳಗೆ ನಿನ್ನ ಸಹಿ. ಬಂಧು ಎನ್ನಲು ಇವಳಿಗೆ ಹೇಗೆ ಮನಸ್ಸು ಬಂತು ಎಂದು ಯೋಚಿಸುತ್ತಿರುವಾಗಲೇ ಎದುರಂಗಡಿಯ ದರ್ಜಿ ಅದೇ ಕಾಗದ ಹಿಡಿದುಕೊಂಡು ಬಂದ. ಅವನೂ ನಿನಗೆ ಬಂಧು. ಕ್ಷೌರದವನು, ಸೈಕಲ್ ರಿಪೇರಿಯವನು, ಬೀಗದ ಕೈ ಮಾಡುವ ಮುದುಕ, ಎಲ್ಲರೂ ನಿನಗೆ ಬಂಧುಗಳೇ. ಇಷ್ಟು ದೊಡ್ಡ ಸಂಸಾರ ನಿನಗಿದೆ ಎಂದು ನನಗೆ ಗೊತ್ತಿರಲಿಲ್ಲ.

ಜೊತೆಗೊಂದು ಬಣ್ಣದ ಚಿತ್ರ ಬೇರೆ. ನಗುತ್ತ ನಿಂತ ಅಂಗಡಿಯವನು, ಅವನ ತಲೆಯ ಮೇಲೆ ಬೋರ್ಡು, ಬೋರ್ಡಿನ ಕೆಳಸಾಲಿನಲ್ಲಿ ನೋಂದಣಿ ಸಂಖ್ಯೆ. ಅಕ್ಷರ ಬರೆದವನಿಗೆ ಕಸುಬು ಗೊತ್ತಿಲ್ಲ, ಒಂದಕ್ಕೊಂದು ಅಂತರವೇ ಇಲ್ಲ.

‘ನೋಂದಣಿ ಮಾಡಿಸಿ, ಹೆಮ್ಮೆಯಿಂದ ವ್ಯಾಪಾರ ಮಾಡಿ’ ಎಂದು ಬರೆದಿದ್ದೀಯ. ಅಪ್ಪ ಮಾಡಿಸಿದ್ದ. ನಿನ್ನ ಮಾತು ಕೇಳಿ ಈ ಬೀದಿಗೇ ಮೊದಲಿಗನಾಗಿ ಮಾಡಿಸಿದ್ದ. ವರ್ಷ ತುಂಬುವಷ್ಟರಲ್ಲಿ ನೋಟೀಸು ಬಂತು, ದಂಡ ಬಿತ್ತು, ಅಪ್ಪ ಕುಂಚ ಕೆಳಗಿಟ್ಟ. ಆಮೇಲೆ ನಾಲ್ಕು ವರ್ಷ ಗೋಡೆ ನೋಡುತ್ತ ಕೂತು, ಹಾಗೇ ತೀರಿಹೋದ. ಆ ಫೈಲು ನಿನ್ನ ಮೇಜಿನ ಮೇಲಿಂದಲೇ ಹಾದು ಹೋಯಿತು. ನೀನು ತುಟಿ ಬಿಚ್ಚಲಿಲ್ಲ.

ಇನ್ನು ಮುಂದೆ ನನಗೆ ಇಂಥದ್ದು ಕಳಿಸಬೇಡ.

ಯಾರ ಬಂಧುವೂ ಅಲ್ಲದ,
ನಿನ್ನ ಅಣ್ಣ

*

ಮಾರ್ಚ್ 14

ಬೋರ್ಡ್ ಬರೆಯುವವರಿಗೆ,

ಸುತ್ತೋಲೆ ನಾಲ್ಕು ಸಾವಿರದ ಇನ್ನೂರು ಅಂಗಡಿಗಳಿಗೆ ಹೋಗಿದೆ. ವಿಳಾಸದ ಚೀಟಿ ಅಂಟಿಸುವುದು ಯಂತ್ರ, ನಾನಲ್ಲ. ‘ಬಂಧು’ ಎಂಬುದು ಮೇಲಧಿಕಾರಿಗಳ ಮಾತು. ನಾನು ‘ಮಾನ್ಯರೇ’ ಎಂದು ಬರೆದಿದ್ದೆ. ಆದ್ದರಿಂದ ತಾವು ಕನ್ನಡಕ ಹುಡುಕಿದ ಶ್ರಮಕ್ಕೆ ಇಲಾಖೆ ಹೊಣೆಯಲ್ಲ.

ತಾವು ಪತ್ರ ಬರೆದಿರುವುದರಿಂದ ಉತ್ತರಿಸುವುದು ನನ್ನ ಕರ್ತವ್ಯ. ವರ್ಷದ ವಹಿವಾಟು ಮಿತಿಗಿಂತ ಕಡಿಮೆ ಇದ್ದರೆ ನೋಂದಣಿ ಬೇಕಾಗಿಯೇ ಇಲ್ಲ. ಮಿತಿ ದಾಟಿದವರು ಮಾಡಿಸಲೇಬೇಕು. ನೋಂದಣಿ ಇಲ್ಲದವರು ತೆರಿಗೆಯ ಹೆಸರಿನಲ್ಲಿ ಗಿರಾಕಿಯಿಂದ ಬಿಡಿಗಾಸನ್ನೂ ಪಡೆಯಕೂಡದು. ಇಷ್ಟೇ ವಿಷಯ. ಇದೆಲ್ಲ ಮೂರನೆಯ ಪುಟದಲ್ಲಿದೆ. ತಮ್ಮ ಬೀದಿಯಲ್ಲಿ ಯಾರೂ ಚಿತ್ರ ದಾಟಿ ಮುಂದೆ ಹೋದಂತೆ ಕಾಣುವುದಿಲ್ಲ.

ಇನ್ನೊಂದು ಮಾತು, ಇದು ಇಲಾಖೆಯದಲ್ಲ. ಲಕೋಟೆಯ ಮೇಲೆ ತಮ್ಮ ಕೈಬರಹ ಕಂಡು ಒಡೆಯದೆ ಸಂಜೆಯವರೆಗೆ ಪಕ್ಕಕ್ಕಿಟ್ಟಿದ್ದೆ. ಕಳೆದ ಸಲ ಆ ಕೈಬರಹ ನನ್ನ ಮನೆಗೆ ಬಂದದ್ದು ಅಪ್ಪ ತೀರಿಕೊಂಡ ಐದನೆಯ ದಿನ. ಒಂದೇ ಸಾಲು ಇತ್ತು. ನಾನು ಬಸ್ಸು ಹತ್ತಿ ಬರುವಷ್ಟರಲ್ಲಿ ಮನೆ ಗುಡಿಸಿ ಸಾರಿಸಿ ಮುಗಿದಿತ್ತು. ಊರಿನಲ್ಲಿ ಆಗ ಫೋನು ಇರಲಿಲ್ಲವೆಂದು ದಯವಿಟ್ಟು ಹೇಳಬೇಡಿ. ತುಟಿ ಬಿಚ್ಚದವರ ಬಗ್ಗೆ ಮಾತಾಡುವ ಹಕ್ಕು ಯಾರಿಗಿದೆ ಎಂದು ಯೋಚಿಸಿ ನೋಡಿ.

ತಮ್ಮ ವಿಶ್ವಾಸಿ,
ತೆರಿಗೆ ಜಾಗೃತಿ ವಿಭಾಗ

*

ಏಪ್ರಿಲ್ 20

ಜಾಗೃತಿ ವಿಭಾಗದ ಮೇಡಂ ಅವರಿಗೆ,

ಶುಭ ಸಮಾಚಾರ. ತಮ್ಮ ಕೃಪೆಯಿಂದ ನಮ್ಮ ಬೀದಿ ಪೂರ್ತಿ ಜಾಗೃತವಾಗಿದೆ. ಇಪ್ಪತ್ತಮೂರು ಅಂಗಡಿಗೆ ಹೊಸ ಬೋರ್ಡು ಬರೆದಿದ್ದೇನೆ, ಎಲ್ಲದಕ್ಕೂ ಕೆಳಸಾಲಿನಲ್ಲಿ ಕೆಂಪು ಬಣ್ಣದ ನಂಬರು. ನನ್ನ ಕಸುಬಿನಲ್ಲಿ ಒಂದೇ ತಿಂಗಳಲ್ಲಿ ಇಷ್ಟು ಕೆಲಸ ನಾನು ಕಂಡಿರಲಿಲ್ಲ. ನಿನ್ನಿಂದ ನನಗೆ ಲಾಭವಾಯಿತು ಎಂದು ಬರೆಯುವ ದಿನ ಬರುತ್ತದೆಂದು ಯಾರು ಅಂದುಕೊಂಡಿದ್ದರು!

ಮೊದಲು ಬಂದವನು ದರ್ಜಿ. ನೀನು ಕಳಿಸಿದ ಚಿತ್ರ ಮುಂದಿಟ್ಟು, “ಪೇಂಟರಣ್ಣ, ಇದರಲ್ಲಿರೋ ಹಾಗೇ ಬರ್ದುಬಿಡು. ಒಂದಕ್ಷರ ಆಚೀಚೆ ಆಗ್ಬಾರ್ದು, ಸರ್ಕಾರದ ವಿಷ್ಯ” ಎಂದ.

“ನಂಬರು ಯಾವ್ದು?” ಎಂದೆ.

“ಚಿತ್ರದಲ್ಲೇ ಇದ್ಯಲ್ಲ, ಕಣ್ಣು ಕಾಣ್ಸಲ್ವಾ?”

ಮಾರನೇ ದಿನ ಕ್ಷೌರದವನು ಬಂದ. ಅವನಿಗೆ ಸ್ವಲ್ಪ ಅನುಮಾನ. “ಅವನಿಗೂ ಅದೇ ನಂಬರು, ನನಗೂ ಅದೇ ನಂಬರಾ?” ಎಂದು ಕೇಳಿದ. ದರ್ಜಿ ಸೂಜಿಗೆ ದಾರ ಪೋಣಿಸುತ್ತಲೇ ಆಚೆಯಿಂದ ಕೂಗಿದ, “ಬೆಂಕಿ ಬಿದ್ರೆ ಕರೆಯೋ ನಂಬರು ಮನೆಗೊಂದೊಂದು ಇರತ್ತೇನಪ್ಪ? ಸರ್ಕಾರದ ನಂಬರು ಅಂದ್ರೆ ಎಲ್ಲರಿಗೂ ಒಂದೇ.” ನನಗೂ ಸರಿಯೆನಿಸಿತು. ಬೀಗದ ಮುದುಕನಿಗೆ ಅಂಗಡಿಯೇ ಇಲ್ಲ, ಮರದ ಪೆಟ್ಟಿಗೆ ಮುಂದಿಟ್ಟುಕೊಂಡು ಕೂರುತ್ತಾನೆ. ಅವನು ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆಸಿಕೊಂಡು ಹೋದ.

ಇಪ್ಪತ್ತಮೂರು ಸಲ ಸುಣ್ಣದ ದಾರ ಎಳೆದು ಗೆರೆ ಹಾಕಿದೆ. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಮೊಳೆಗೆ. ಚಿಕ್ಕಂದಿನಲ್ಲಿ ಆ ತುದಿಯನ್ನು ಯಾರು ಹಿಡಿಯುತ್ತಿದ್ದರು ಎಂಬುದು ಈಗ ಬೇಡದ ಮಾತು. ಮೊಳೆ ವಾದ ಮಾಡುವುದಿಲ್ಲ, ಅದೊಂದು ಸುಖ.

ನಿನ್ನೆ ನಿಮ್ಮ ಇನ್ಸ್‌ಪೆಕ್ಟರ್ ಬೀದಿಯ ಈ ತುದಿಯಿಂದ ಆ ತುದಿಯವರೆಗೂ ತಲೆಯೆತ್ತಿ ಬೋರ್ಡು ನೋಡುತ್ತ, ಪುಸ್ತಕದಲ್ಲಿ ಬರೆದುಕೊಳ್ಳುತ್ತ ಹೋದ. ನಿನಗೆ ಪದಕ ಕೊಡುತ್ತಾರೇನೋ ನೋಡು.

ಪೇಂಟರ್

*

ಏಪ್ರಿಲ್ 26

ಅಣ್ಣಾ,

ಈ ಕಾಗದ ಓದುತ್ತಿರುವಂತೆಯೇ ಎದ್ದು ಹೋಗಿ ಆ ಬೋರ್ಡುಗಳನ್ನೆಲ್ಲ ಅಳಿಸು. ಫೋನು ಮಾಡಿದೆ, ಆರು ಸಲ ಮಾಡಿದೆ, ನೀನು ಕತ್ತರಿಸಿದೆ. ನಿನಗೆ ಬುದ್ಧಿ ಬರುವುದು ಯಾವಾಗ?

ಇಪ್ಪತ್ತಮೂರು ಅಂಗಡಿಗೂ ಒಂದೇ ನಂಬರು ಬರೆದಿದ್ದೀಯ! ನೋಂದಣಿ ಸಂಖ್ಯೆ ಎಂದರೆ ಒಬ್ಬೊಬ್ಬರ ಸಹಿ ಇದ್ದ ಹಾಗೆ. ಒಬ್ಬರದ್ದು ಇನ್ನೊಬ್ಬರು ಹಾಕಿಕೊಂಡರೆ ಅದು ಮೋಸ. ಚಿತ್ರದ ಕೆಳಗೆ ‘ಮಾದರಿ’ ಎಂದು ಅಚ್ಚು ಹಾಕಿಸಿದ್ದೆನಲ್ಲ, ಅದನ್ನಾದರೂ ಓದಬಾರದೇ? ಇನ್ಸ್‌ಪೆಕ್ಟರ್ ನಿಮ್ಮನ್ನು ಮೆಚ್ಚಿ ಬರೆದುಕೊಂಡಿಲ್ಲ. ಸುಳ್ಳು ಸಂಖ್ಯೆ ತೋರಿಸಿದ್ದಕ್ಕೆ ದಂಡ ಹಾಕಲು ಬರೆದುಕೊಂಡಿದ್ದಾನೆ.

ಅದೆಲ್ಲ ಇರಲಿ. ಆ ನಂಬರು ಯಾರದ್ದು ಎಂದು ನಿನಗೆ ಹೊಳೆಯಲೇ ಇಲ್ಲವೇ? ಮೂರು ಸೊನ್ನೆ ನಾಲ್ಕು ಒಂದು ಏಳು ಏಳು. ಚಿತ್ರ ಬರೆಯುವವನು ಬೋರ್ಡಿಗೆ ಒಂದು ನಂಬರು ಹೇಳಿ ಮೇಡಂ ಎಂದಾಗ ಯೋಚನೆ ಮಾಡದೆ ಬಾಯಿಗೆ ಬಂದದ್ದು ಹೇಳಿದೆ. ನನಗೆ ಬಾಯಿಪಾಠ ಇರುವ ನಂಬರು ಅದೊಂದೇ. ರದ್ದಾದ ನಂಬರು, ಸತ್ತದ್ದು ಯಾರನ್ನೂ ಕಚ್ಚುವುದಿಲ್ಲ ಎಂದುಕೊಂಡೆ. ಅದು ಅಪ್ಪನ ನಂಬರು. ನೀನು ಇಪ್ಪತ್ತಮೂರು ಸಲ ಬರೆದೆ, ಒಂದು ಸಲವೂ ಗುರುತು ಹಿಡಿಯಲಿಲ್ಲ.

ಮೊದಲು ಅಳಿಸು. ಜಗಳ ಆಮೇಲೆ ಆಡೋಣ.

ತಂಗಿ

*

ಮೇ 8

ಮಾದರಿ ತಂಗಿಗೆ,

ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಿನ್ನ ಕಾಗದಕ್ಕಿಂತ ಒಂದು ದಿನ ಮೊದಲೇ ನೋಟೀಸು ಬಂತು. ಇಪ್ಪತ್ತಮೂರು ಅಂಗಡಿಗೆ ಇಪ್ಪತ್ತಮೂರು. ನನಗೆ ಬೇರೆಯೇ ಒಂದು, ದಪ್ಪನೆಯದು. ‘ಸುಳ್ಳು ಸಂಖ್ಯೆ ಸೃಷ್ಟಿಸಿ ಹಂಚಿದ ವ್ಯಕ್ತಿ’ ಎಂದು ನನ್ನನ್ನು ಕರೆದಿದ್ದಾರೆ. ಜೂನ್ ಹದಿನೆಂಟಕ್ಕೆ ವಿಚಾರಣೆ. ಅವರು ಬರೆದಿರುವ ದಂಡ ಕಟ್ಟಲು ಅಂಗಡಿ, ಏಣಿ, ಕುಂಚ ಎಲ್ಲ ಮಾರಿದರೂ ಸಾಲದು.

ಈಗ ನಿನ್ನ ‘ಮಾದರಿ’ಯ ವಿಷಯ. ಅದನ್ನು ನಾನೂ ಓದಿದೆ, ದರ್ಜಿಯೂ ಓದಿದ. ಓದಿದ್ದಕ್ಕೇ ಹೀಗಾಯಿತು. ಶಾಲೆಯಲ್ಲಿ ಮೇಷ್ಟ್ರು ನಿನ್ನನ್ನು ಎದ್ದು ನಿಲ್ಲಿಸಿ ‘ಇವಳು ಮಾದರಿ ವಿದ್ಯಾರ್ಥಿನಿ’ ಎನ್ನುತ್ತಿದ್ದರಲ್ಲ, ಅದರ ಅರ್ಥ ಉಳಿದವರೂ ಇವಳ ಹಾಗೆ ಆಗಿ ಎಂದೋ, ಇವಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದೋ? ಗಿರಾಕಿ ಮಾದರಿ ಅಂಗಿ ಕೊಟ್ಟರೆ ದರ್ಜಿ ಅದೇ ಅಳತೆಗೆ ಹೊಲಿಯುತ್ತಾನೆ. ನನಗೆ ಮಾದರಿ ಅಕ್ಷರ ಕೊಟ್ಟರೆ ಅದೇ ಅಕ್ಷರ ಬರೆಯುತ್ತೇನೆ. ಲೋಕಕ್ಕೆಲ್ಲ ಮಾದರಿ ಅಂದರೆ ‘ಹೀಗೇ ಮಾಡಿ’. ನಿಮ್ಮ ಕಚೇರಿಯಲ್ಲಿ ಮಾತ್ರ ‘ಹೀಗೆ ಮಾಡಬೇಡಿ’. ಅದೂ ಇರುವೆ ಗಾತ್ರದ ಅಕ್ಷರದಲ್ಲಿ.

ಬೀದಿಯವರು ನನ್ನ ಮೇಲೆ ತಿರುಗಿಬಿದ್ದಿದ್ದಾರೆ. ಏಣಿಯನ್ನು ಚರಂಡಿಗೆ ಎಸೆದರು. ದರ್ಜಿ ನಡುಬೀದಿಯಲ್ಲಿ ನಿಂತು, “ಇವನಪ್ಪನ ಕಾಲದಿಂದಾನೂ ಇದೇ ಕಳ್ಳಲೆಕ್ಕ” ಎಂದು ಕೂಗಿದ. ನನ್ನನ್ನು ಅಂದಿದ್ದರೆ ಕೇಳಿಕೊಂಡು ಸುಮ್ಮನಿರುತ್ತಿದ್ದೆ.

ಗುರುತು ಹಿಡಿಯಲಿಲ್ಲವೇ ಎಂದು ಕೇಳಿದ್ದೀಯ. ಇಲ್ಲ. ನಿನ್ನ ಕಾಗದ ಓದಿ, ಬಣ್ಣದ ಡಬ್ಬಿ ಇಡುವ ಹಲಗೆಯನ್ನು ಗೋಡೆಯಿಂದ ಕಿತ್ತು ತಿರುಗಿಸಿದೆ. ಅದು ಅಪ್ಪನ ಬೋರ್ಡು, ಅವನು ಹೋದ ವಾರವೇ ಮಗುಚಿ ಹೊಡೆದಿದ್ದೆ. 304177. ಏಳರ ಸೊಂಟಕ್ಕೆ ಅಪ್ಪ ಹಾಕುತ್ತಿದ್ದ ಗೀಟೂ ಹಾಗೇ ಇದೆ. ಅದರ ಮೇಲಿನ ಡಬ್ಬಿಯಿಂದಲೇ ಕೆಂಪು ತೆಗೆದು ಇಪ್ಪತ್ತಮೂರು ಸಲ ಅದೇ ಅಂಕಿ ಬರೆದಿದ್ದೇನೆ. ಉಗಿಯುವುದಿದ್ದರೆ ಉಗಿ.

ಆದರೆ ಒಂದು ಕೆಲಸ ಮಾಡು. ಆ ನಂಬರು ಎಲ್ಲಿಂದ ಬಂತು ಎಂದು ಒಂದು ಸಾಲು ಬರೆದು ವಿಚಾರಣೆಗೆ ಕಳಿಸು. ಅಪ್ಪನಿಗಾಗಿ ಬಿಚ್ಚದ ಬಾಯನ್ನು ಈ ಸಲವಾದರೂ ಬಿಚ್ಚುತ್ತೀಯಾ?

ಅಣ್ಣ

*

ಮೇ 21

ಅಣ್ಣನಿಗೆ,

ನನ್ನ ಬಡ್ತಿಯ ಕಾಗದ ಮೇಲಕ್ಕೆ ಹೋಗಿ ಕೂತಿದೆ. ಈ ಒಂದು ಸಾಲು ಬರೆದರೆ ಬಡ್ತಿ ಹೋಯಿತು, ಈ ಕುರ್ಚಿಯೂ ಹೋಯಿತು. ಅದು ನಿನಗೆ ಗೊತ್ತಿರಲಿ. ನೀನು ಕೇಳಿದ್ದನ್ನು ಕೊಡುವುದಕ್ಕೆ ಎಷ್ಟಾಗುತ್ತದೆ ಎಂದು ನೀನು ಯಾವತ್ತೂ ಕೇಳಿದವನಲ್ಲ.

ಅಪ್ಪನ ಫೈಲು ನನ್ನ ಮೇಜಿಗೆ ಬಂದಿತ್ತು, ನಿಜ. ಅದರಲ್ಲಿ ಏನಿತ್ತು ಎಂದು ಹದಿನೈದು ವರ್ಷದಲ್ಲಿ ಒಂದು ದಿನವಾದರೂ ಕೇಳಿದೆಯಾ? ಅಪ್ಪನ ನಂಬರು ಅಚ್ಚಾಗಿದ್ದ ಬಿಲ್ ಪುಸ್ತಕದಿಂದ ಹರಿದ ಹನ್ನೊಂದು ಹಾಳೆ ಇದ್ದವು. ಖಾಲಿ ಹಾಳೆಯ ಬುಡದಲ್ಲಿ ಸಹಿ ಹಾಕಿ ಕಬ್ಬಿಣದಂಗಡಿಯವನಿಗೆ ಕೊಟ್ಟದ್ದು. ಅವನು ತನಗೆ ಬೇಕಾದ ಮೊತ್ತ ತುಂಬಿಕೊಂಡು, ಮಾಡಿಸದ ಕೆಲಸಕ್ಕೆ ಖರ್ಚು ತೋರಿಸಿದ್ದ. ತೆರಿಗೆ, ದಂಡ ಎಲ್ಲ ಆ ನಂಬರಿನವನ ತಲೆಗೆ ಬಂತು. ಅಧಿಕಾರಿ ಹಾಳೆಗಳನ್ನು ಅಪ್ಪನ ಮುಂದೆ ಹರಡಿ, “ಈ ಸಹಿ ಯಾರ್ದು?” ಎಂದು ಕೇಳಿದರು. ನಾನು ಎರಡು ಮೇಜು ಆಚೆ ಕೂತಿದ್ದೆ. ಅಪ್ಪ ಒಂದೊಂದೇ ಹಾಳೆ ತಿರುವಿ ನೋಡಿ, “ನಂದೇ ಸ್ವಾಮಿ” ಎಂದ.

ಅದು ಅಪ್ಪನ ಸಹಿಯಲ್ಲ. ಅಪ್ಪನ ಸಹಿಯ ಬಾಲ ಕೆಳಕ್ಕೆ ಹೋಗುತ್ತದೆ. ಆ ಹಾಳೆಗಳ ಮೇಲಿನ ಬಾಲ ಮೇಲಕ್ಕೆ ಹೋಗಿತ್ತು. ಒಂದೇ ಸ್ಲೇಟಿನಲ್ಲಿ ಅಕ್ಷರ ತಿದ್ದಿದವಳಿಗೆ ಅದು ಯಾರ ಕೈ ಎಂದು ಯಾರೂ ಹೇಳಬೇಕಾಗಿರಲಿಲ್ಲ. ನಾನು ಬಾಯಿ ಬಿಟ್ಟಿದ್ದರೆ ಅಪ್ಪ ಉಳಿಯುತ್ತಿದ್ದ, ನೀನು ಜೈಲಿಗೆ ಹೋಗುತ್ತಿದ್ದೆ. ಅಪ್ಪ ತಲೆಯೆತ್ತಿ ನನ್ನನ್ನೇ ನೋಡಿದ. ಸುಮ್ಮನಿರು ಎಂದು ಆ ಕಣ್ಣು ಹೇಳಿತು. ಸುಮ್ಮನಿದ್ದೆ. ಅದಕ್ಕೆ ನಿನ್ನಿಂದ ಹದಿನೈದು ವರ್ಷ ಉಗಿಸಿಕೊಂಡೆ.

ಈಗ ನನ್ನದೂ ಒಂದು ಷರತ್ತು. ನಿನಗೆ ಬೇಕಾದ ಸಾಲು ನಾನು ಬರೆಯುತ್ತೇನೆ. ಅದಕ್ಕೆ ಮೊದಲು ನೀನು ಒಂದು ಸಾಲು ಬರೆ. ಬೇರೆ ಯಾರಿಗೂ ಬೇಡ, ನನಗೆ. ಆ ಹಾಳೆ ಹರಿದವರು ಯಾರು?

ತಂಗಿ

*

ಜೂನ್ 2

ನಾನು. ಹನ್ನೊಂದಲ್ಲ, ಹನ್ನೆರಡು.

ಕಬ್ಬಿಣದಂಗಡಿಯವನು ಹಾಳೆಗೊಂದು ಡಬ್ಬಿ ಬಿಳಿ ಬಣ್ಣ ಕೊಡುತ್ತಿದ್ದ. ಬರೀ ಕಾಗದವಲ್ಲವೇ ಎಂದುಕೊಂಡಿದ್ದೆ. ಕಳ್ಳತನ ಎಂದು ಗೊತ್ತಾದದ್ದು ನೋಟೀಸು ಬಂದ ಮೇಲೆ. ಅಪ್ಪ ನನ್ನನ್ನು ಕೇಳಲೇ ಇಲ್ಲ. ನೀನೂ ಇನ್ನೊಮ್ಮೆ ಕೇಳಬೇಡ.

*

ಜೂನ್ 9

ಪ್ರತಿ: ಮಾಹಿತಿಗಾಗಿ, ಬೋರ್ಡ್ ಬರೆಯುವವರಿಗೆ

ವಿಚಾರಣಾಧಿಕಾರಿಗಳಿಗೆ,

ಇಪ್ಪತ್ತಮೂರು ಅಂಗಡಿಗಳ ಫಲಕದಲ್ಲಿ ಕಂಡುಬಂದ 304177 ಎಂಬ ಸಂಖ್ಯೆಯನ್ನು ಸದರಿ ಅಂಗಡಿಗಳವರಾಗಲಿ ಫಲಕ ಬರೆದವರಾಗಲಿ ಸೃಷ್ಟಿಸಿದ್ದಲ್ಲ. ಅದನ್ನು ಸುತ್ತೋಲೆಯ ಚಿತ್ರಕ್ಕೆ ಕೊಟ್ಟವಳು ನಾನು. ಅದು ರದ್ದಾದ ನಿಜವಾದ ಸಂಖ್ಯೆ, ನನ್ನ ತಂದೆಯದು. ಹಾಗೆ ಕೊಡಬಾರದಿತ್ತು. ‘ಮಾದರಿ’ ಎಂಬ ಪದವನ್ನು ಆರಿಸಿದವಳೂ ನಾನೇ. ಓದುವವರು ಅದನ್ನು ಹೇಗೆ ತಿಳಿಯುತ್ತಾರೆ ಎಂದು ಒಬ್ಬ ಅಂಗಡಿಯವನನ್ನೂ ಕೇಳಿ ನೋಡಲಿಲ್ಲ. ಆ ಬೀದಿಯವರು ಇಲಾಖೆ ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದಾರೆ. ತಪ್ಪು ನನ್ನದು.

(ಸಹಿ)

ಅಣ್ಣ, ನೀನು ಕೇಳಿದ ಸಾಲು ಮೇಲಿದೆ. ಇದಕ್ಕೆ ಧನ್ಯವಾದ ಹೇಳಿ ಬರೆದರೆ ಹರಿದು ಹಾಕುತ್ತೇನೆ.

*

ಜುಲೈ 15

ತಂಗಿಗೆ,

ಧನ್ಯವಾದ ಹೇಳುತ್ತಿಲ್ಲ. ಹೆದರಬೇಡ.

ವಿಚಾರಣೆಗೆ ನೀನೂ ಬರುತ್ತೀಯ ಎಂದು ಹೇಳಿರಲಿಲ್ಲ. ಕೂದಲು ಇಷ್ಟು ನರೆತಿದೆ ಎಂದೂ ಬರೆದಿರಲಿಲ್ಲ. ನೀನು ಆ ಬೆಂಚಿನಲ್ಲಿ, ನಾನು ಈ ಬೆಂಚಿನಲ್ಲಿ, ನಡುವೆ ದರ್ಜಿ ಕೂತು ಇಬ್ಬರ ಮುಖವನ್ನೂ ನೋಡುತ್ತಿದ್ದ. ನೀನು ನನ್ನ ಕಡೆ ತಿರುಗಲಿಲ್ಲ. ನಾನೂ ತಿರುಗಲಿಲ್ಲ, ತಿರುಗದೇ ಎಲ್ಲ ನೋಡಿದೆ.

ನೋಟೀಸು ವಜಾ ಆದ ಮೇಲೂ ಬೀದಿಯವರು ನಿನ್ನನ್ನು ಮುತ್ತಿಕೊಂಡು ಕೇಳಿದರಲ್ಲ, ಅದನ್ನು ನಾನು ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡೆ. ಬೀಗದ ಮುದುಕ, “ಅಮ್ಮಾ, ನಂಗೆ ನಂಬರು ಬೇಕಾ ಬೇಡ್ವಾ, ಅಷ್ಟು ಹೇಳಿ” ಎಂದ.

“ದಿನಕ್ಕೆ ಎಷ್ಟು ಬೀಗ ತೆಗೀತೀರಿ ತಾತ?”

“ನಾಲ್ಕು. ಒಳ್ಳೇ ದಿನ ಆದ್ರೆ ಆರು.”

“ಹಾಗಾದ್ರೆ ನಿಮಗೆ ನಂಬರೂ ಬೇಡ, ನಮ್ಮ ಹೆದರಿಕೇನೂ ಬೇಡ.”

“ಇಷ್ಟನ್ನ ಕಾಗದದಲ್ಲೇ ಹೇಳ್ಬಾರ್ದಿತ್ತಾ?”

“ಮೂರನೇ ಪುಟದಲ್ಲಿ ಹೇಳಿದ್ದೆ ತಾತ.”

“ನಂಗೆ ಮೊದಲ್ನೇ ಪುಟಾನೇ ಓದಕ್ಕೆ ಬರಲ್ವಲ್ಲಮ್ಮ!”

ನೀನು ನಕ್ಕೆ. ಅಪ್ಪ ನಗುವ ಹಾಗೆಯೇ ನಕ್ಕೆ. ನನಗೆ ಸಿಟ್ಟು ಬಂದು ಹೊರಗೆ ಹೋದೆ.

ಲೆಕ್ಕ ನೋಡಿದರೆ ಬೀದಿಯಲ್ಲಿ ನಾಲ್ಕೇ ಜನ ಮಿತಿ ದಾಟಿದವರು, ಅವರು ನೋಂದಣಿ ಮಾಡಿಸಿಕೊಂಡಿದ್ದಾರೆ. ಅದರಲ್ಲಿ ದರ್ಜಿಯೂ ಒಬ್ಬ. ಈಗ ನಂಬರು ನೋಡಿ ದೊಡ್ಡ ಶಾಲೆಯೊಂದು ಸಮವಸ್ತ್ರ ಹೊಲಿಯಲು ಕೊಟ್ಟಿದೆ ಎಂದು ಕುಣಿಯುತ್ತಿದ್ದಾನೆ. ಅದನ್ನು ನೋಡಿ, ಮಿತಿಯ ಹತ್ತಿರವೂ ಇಲ್ಲದ ನಾನೂ ಮಾಡಿಸಿಕೊಂಡೆ. ನಿನ್ನ ಮೇಲಿನ ಪ್ರೀತಿಗಲ್ಲ. ಬಿಲ್ಲು ಕೊಡದವನಿಗೆ ದೊಡ್ಡ ಕೆಲಸ ಸಿಗುವುದಿಲ್ಲ, ಅದಕ್ಕೆ.

ಹೊಸ ಬಿಲ್ ಪುಸ್ತಕದ ಮೊದಲನೇ ಹಾಳೆ ಇದರ ಜೊತೆಗಿದೆ. ಇಪ್ಪತ್ತಮೂರು ಬೋರ್ಡಿನ ಕೆಳಸಾಲು ಕೆರೆದು ಬಣ್ಣ ಬಳಿದದ್ದರ ಕೂಲಿ, ತೆರಿಗೆ ಬೇರೆ. ಯಾರ ತಪ್ಪೋ ಅವರು ಕೊಡಬೇಕು. ಗಿರಾಕಿಯ ಹೆಸರು ಎಂಬಲ್ಲಿ ‘ಬಂಧು’ ಎಂದು ಬರೆದಿದ್ದೇನೆ. ನಿಮ್ಮ ಇಲಾಖೆಯದೇ ಮಾತು.

ಅಣ್ಣ

*

ಆಗಸ್ಟ್ 2

ಅಣ್ಣನಿಗೆ,

ಬಿಲ್ಲು ಹಳೆಯ ವಿಳಾಸಕ್ಕೆ ಹೋಗಿ ತಡವಾಗಿ ಬಂತು. ನನ್ನನ್ನು ದಾಖಲೆ ಕೋಣೆಗೆ ಹಾಕಿದ್ದಾರೆ. ಕಿಟಕಿಯಿಲ್ಲ, ಧೂಳಿದೆ, ಬಡ್ತಿ ಇಲ್ಲ. ಇದು ನಿನ್ನ ಮರುಕಕ್ಕೆ ಬರೆದದ್ದಲ್ಲ, ಮುಂದಿನ ಬಿಲ್ಲು ಸರಿಯಾದ ವಿಳಾಸಕ್ಕೆ ಬರಲಿ ಎಂದು.

ಕೂಲಿಗೊಮ್ಮೆ ತೆರಿಗೆ ಹಾಕಿ, ಒಟ್ಟು ಮೊತ್ತಕ್ಕೆ ಇನ್ನೊಮ್ಮೆ ಹಾಕಿದ್ದೀಯ. ತೆರಿಗೆಯ ಮೇಲೆ ತೆರಿಗೆ ಇಲ್ಲ. ಆದರೂ ನೀನು ಬರೆದಷ್ಟನ್ನೂ ಪೂರ್ತಿ ಕಳಿಸಿದ್ದೇನೆ. ಬಿಲ್ಲು ತಿದ್ದಿ ಹೆಚ್ಚಿನದನ್ನು ವಾಪಸು ಮಾಡು. ಗಿರಾಕಿಯಿಂದ ಹೆಚ್ಚು ತೆರಿಗೆ ಕಿತ್ತುಕೊಳ್ಳುವುದು ತಪ್ಪು, ಮೂರನೆಯ ಪುಟ ನೋಡು.

ಬೋರ್ಡು ಇಪ್ಪತ್ತಮೂರು ಎಂದಿದೆ. ಆ ನಂಬರು ಇಪ್ಪತ್ತನಾಲ್ಕು ಕಡೆ ಇತ್ತಲ್ಲ. ಅಪ್ಪನ ಬೋರ್ಡನ್ನು ಏನು ಮಾಡಿದೆ?

ನೀನು ನಿನ್ನ ಸಾಲು ಬರೆದೆ, ಇನ್ನೊಮ್ಮೆ ಕೇಳಬೇಡ ಎಂದೆ, ಕೇಳುತ್ತಿಲ್ಲ. ಇದು ಬೇರೆ. ಅಪ್ಪ ಹೋದ ಸುದ್ದಿ ನನಗೆ ಐದನೆಯ ದಿನ ಯಾಕೆ?

ತಂಗಿ

*

ಆಗಸ್ಟ್ 10

ತಂಗಿಗೆ,

ಅಪ್ಪನ ಬೋರ್ಡು ಲೆಕ್ಕಕ್ಕೆ ಸೇರಿಲ್ಲ. ಅದರ ಮೇಲಿರುವುದು ಅದರದೇ ನಂಬರು, ಕೆರೆಯಲು ಕಾರಣವಿಲ್ಲ. ಮುಖ ಹೊರಗೆ ಮಾಡಿ ಗೋಡೆಗೆ ಹೊಡೆದಿದ್ದೇನೆ. ಬಣ್ಣದ ಡಬ್ಬಿಗಳು ಈಗ ನೆಲದ ಮೇಲಿವೆ, ದಿನಕ್ಕೆ ಎರಡು ಸಲ ಕಾಲಿಗೆ ಸಿಕ್ಕಿ ಉರುಳುತ್ತವೆ.

ಆಗ ಫೋನು ಇತ್ತು. ನಿನ್ನ ನಂಬರೂ ಗೊತ್ತಿತ್ತು. ನಿನ್ನ ದನಿ ಕೇಳಿದರೆ ಆ ಹನ್ನೆರಡು ಹಾಳೆಯ ವಿಷಯ ಬಾಯಿಗೆ ಬಂದುಬಿಡುತ್ತದೆ ಎಂದು ಹೆದರಿದೆ. ಅದಕ್ಕೆ ಕಾಗದ ಬರೆಯಲು ಕೂತೆ. ಅಕ್ಷರ ಬರೆದೇ ಹೊಟ್ಟೆ ಹೊರೆಯುವವನು ನಾನು, ಆ ಒಂದು ಸಾಲು ಬರೆಯಲು ನಾಲ್ಕು ದಿನ ಹಿಡಿಯಿತು. ಕ್ಷಮೆ ಕೇಳುತ್ತಿಲ್ಲ. ನೀನೂ ಕ್ಷಮಿಸಬೇಕಾಗಿಲ್ಲ. ಕೇಳಿದೆ, ಹೇಳಿದೆ.

ಬಿಲ್ಲು ತಿದ್ದಿದ್ದೇನೆ. ಆದರೆ ಚಿಲ್ಲರೆಯನ್ನು ಲಕೋಟೆಯಲ್ಲಿ ಹಾಕಿದರೆ ಅಂಚೆಯವರು ತೆಗೆದುಕೊಳ್ಳುವುದಿಲ್ಲವಂತೆ. ನಿನ್ನ ದುಡ್ಡು ನೀನೇ ಬಂದು ತೆಗೆದುಕೊಂಡು ಹೋಗು. ಭಾನುವಾರವೂ ಅಂಗಡಿ ತೆರೆದಿರುತ್ತದೆ. ದರ್ಜಿ ಅಂಗಡಿ ದೊಡ್ಡದು ಮಾಡಿ ಹದಿನೆಂಟು ಅಡಿಯ ಬೋರ್ಡು ಹೇಳಿದ್ದಾನೆ. ಅಷ್ಟು ಉದ್ದದ ಸುಣ್ಣದ ದಾರಕ್ಕೆ ಮೊಳೆ ತಡೆಯುತ್ತಿಲ್ಲ, ಗೆರೆ ಡೊಂಕು ಬರುತ್ತಿದೆ.

ಹಳೆಯ ಬಟ್ಟೆ ಉಟ್ಟುಕೊಂಡು ಬಾ. ಸುಣ್ಣ ಹಾರುತ್ತದೆ.

ಅಣ್ಣ